ಪಿಸುಮಾತಿನ ಮನೆಯಲ್ಲೊಂದು ಸಿ.ಡಿ. ಪ್ಲೇಯರ್

ಬಾಗಿಲು ಬಡಿಯಲು ಅವನು ಕೈ ಎತ್ತಿದ್ದ, ಅಷ್ಟೇ...

ಬಾಗಿಲು ತಟ್ಟನೆ ತೆರೆಯಿತು. ಒಳಗಿನಿಂದ ಚಾಚಿ ಬಂದ ಹೆಣ್ಣಿನ ಕೈಯೊಂದು ಅವನ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದುಬಿಟ್ಟಿತು!

ಗಾಬರಿಯಿಂದ ಅವನು ಬಾಯಿ ತೆರೆಯುವಷ್ಟರಲ್ಲಿ ಅವಳ ಇನ್ನೊಂದು ಕೈಯ ಬೆರಳು ಅವಳ ತುಟಿಯ ಮೇಲೆ ಬಂದಿತ್ತು.

"ಶ್..."

ಇಬ್ಬರೂ ಹಾಗೆಯೇ ನಿಂತರು. ತನ್ನ ಬೆರಳುಗಳ ಅಡಿಯಲ್ಲಿ ಅವನ ನಾಡಿ ಹೊಡೆದುಕೊಳ್ಳುತ್ತಿರುವುದು ಅವಳಿಗೆ ತಿಳಿಯಿತು. ಇನ್ನೊಬ್ಬರ ನಾಡಿ ಮುಟ್ಟಿ ಎಷ್ಟು ವರ್ಷವಾಯಿತು? ಕೆಂಡ ಮುಟ್ಟಿದವಳಂತೆ ಕೈ ಬಿಟ್ಟಳು.

"ಒಳಗೆ ಮಲಗಿದ್ದಾರೆ" ಎಂದು ಪಿಸುಗುಟ್ಟಿದಳು. "ಸ್ವಲ್ಪಾನೂ ಸದ್ದಾಗಬಾರದು. ನೀವು ಸಿ.ಡಿ. ಪ್ಲೇಯರ್ ಅಂಗಡಿಯವರು ತಾನೆ?"

ಅವನು ತಲೆಯಾಡಿಸಿದ. ನಲವತ್ತರ ಹತ್ತಿರದ ತೆಳ್ಳಗಿನ ಮನುಷ್ಯ. ಹೆಗಲಲ್ಲಿ ಸಲಕರಣೆಯ ಚೀಲ.

"ಅಲ್ಲ ಮೇಡಂ..." ಅವನೂ ಪಿಸುಗುಟ್ಟಿದ. "ಹಾಡು ಹಾಡೋ ಪೆಟ್ಟಿಗೆ ಕೂರಿಸೋಕೆ ಕರೆಸಿದ್ದೀರಿ. ಸದ್ದಾಗಬಾರದು ಅಂದ್ರೆ ನಾನೇನು ಮಾಡ್ಲಿ?"

ಅವಳಿಗೆ ನಗು ಬಂತು. ನುಂಗಿಕೊಂಡಳು. ನಗು ನುಂಗುವುದರಲ್ಲಿ ಅವಳಿಗೆ ಹನ್ನೊಂದು ವರ್ಷದ ಪಳಗಿಕೆಯಿತ್ತು.

ಅದು ಹಗಲಿಡೀ ಉಸಿರು ಬಿಗಿಹಿಡಿದು ಕೂತಿರುವ ಮನೆ. ಕರೆಗಂಟೆಯ ತಂತಿ ಕಿತ್ತು ಎಷ್ಟೋ ಕಾಲವಾಗಿತ್ತು. ಟೆಲಿಫೋನು ಎರಡು ದಿಂಬುಗಳ ನಡುವೆ ರೋಗಿಯಂತೆ ಮಲಗಿರುತ್ತಿತ್ತು. ಕುರ್ಚಿಗಳ ಕಾಲಿಗೆ ಬಟ್ಟೆ ಸುತ್ತಿತ್ತು. ಯಾವ ಬಾಗಿಲು ಎಲ್ಲಿ ಕಿರುಗುಟ್ಟುತ್ತದೆ, ಯಾವ ನಲ್ಲಿಯನ್ನು ಎಷ್ಟು ತಿರುಗಿಸಿದರೆ ಗೊರಗುಟ್ಟುತ್ತದೆ ಎಂಬುದೆಲ್ಲ ಅವಳ ಕೈಗೆ ಬಾಯಿಪಾಠವಾಗಿತ್ತು. ಅವಳ ಕೆಲಸವೂ ಅಂಥದ್ದೇ. ಶಾಲಾ ಪುಸ್ತಕಗಳ ಅಚ್ಚಿನ ತಪ್ಪು ತಿದ್ದುವುದು. ಕಿಟಕಿಯ ಪಕ್ಕ ಕೂತು, ಬೀದಿಯಲ್ಲಿ ಯಾರಾದರೂ ಮನೆಯತ್ತ ತಿರುಗಿದರೆ ಓಡಿಹೋಗಿ, ಅವರ ಕೈ ಬಾಗಿಲಿಗೆ ತಾಗುವ ಮೊದಲೇ ತೆರೆಯುವುದು.

ಒಳಕೋಣೆಯಲ್ಲಿ ಮಲಗಿದ್ದವನು ಅವಳ ಅಣ್ಣ. ಬಾಟಲಿ ತುಂಬಿಸುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು, ಅದಕ್ಕೆಂದೇ ರಾತ್ರಿ ಪಾಳಿ ಹಿಡಿದವನು, ಮದುವೆಯ ಮಾತೆತ್ತಿದರೆ "ಮೊದಲು ಇವಳದು ಆಗಲಿ" ಎನ್ನುತ್ತಲೇ ಕೂದಲು ನರೆಸಿಕೊಂಡವನು.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಇಬ್ಬರು ಗೆಳತಿಯರನ್ನು ಮನೆಗೆ ಕರೆದಿದ್ದಳು. ಮೂವರೂ ಸೇರಿ ಮನೆ ಹಾರಿಹೋಗುವಂತೆ ನಕ್ಕಿದ್ದರು. ಆ ರಾತ್ರಿ ಅಣ್ಣ ಯಂತ್ರಕ್ಕೆ ಎಡಗೈಯ ಎರಡು ಬೆರಳ ತುದಿ ಕೊಟ್ಟು ಬಂದ.

'ನನ್ನ ನಗುವಿನಿಂದ ಅವನ ನಿದ್ದೆ ಕೆಟ್ಟಿತು... ನಿದ್ದೆಗೆಟ್ಟಿದ್ದರಿಂದಲೇ ಹೀಗಾಯಿತು!'

ಅವನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅಳು ಬಂದು ಹಗುರವಾಗುತ್ತಿದ್ದಳೋ ಏನೋ. ಅವಳು ಕೇಳಲೂ ಇಲ್ಲ. ಅಂದಿನಿಂದ ಗೆಳತಿಯರು ಬರಲಿಲ್ಲ, ಅವಳ ಗಂಟಲು ತೆರೆಯಲಿಲ್ಲ. ಯಾರೂ ಹಾಕದ ಬೀಗ ಅದು, ಒಳಗಿನಿಂದ ಅವಳೇ ಹಾಕಿಕೊಂಡದ್ದು. ಅಂಥ ಬೀಗಕ್ಕೆ ಹೊರಗಿನವರು ಕೀಲಿಕೈ ಹುಡುಕುವುದಾದರೂ ಹೇಗೆ?

ಮೂವತ್ತೇಳು ತುಂಬಿದ ದಿನ ಅವಳು ಅಂಗಡಿಗೆ ಹೋಗಿ, ತನಗಾಗಿ, ತನ್ನ ದುಡಿಮೆಯಲ್ಲಿ, ಒಂದು ಸಿ.ಡಿ. ಪ್ಲೇಯರ್ ಕೊಂಡಳು. ಜೊತೆಗೆ ಹೆಡ್‌ಫೋನ್. ಕಿವಿಯೊಳಗಾದರೂ ಒಂದಿಷ್ಟು ಗದ್ದಲವಾಗಲಿ ಎಂದು. ಮನೆಗೆ ತಂದು ಹಚ್ಚಿದರೆ ಅದು ಮಿಸುಕಲೇ ಇಲ್ಲ! ಅದಕ್ಕೇ ಅಂಗಡಿಯವನನ್ನು ಕರೆಸಿದ್ದು.

ಅವನು ನೆಲದ ಮೇಲೆ ಕೂತು ಜೊತೆಗೆ ಬಂದಿದ್ದ ಕೈಪಿಡಿ ತೆರೆದ. ಪುಟದ ತುಂಬ ಕೆಂಪು ಶಾಯಿಯ ಗುರುತುಗಳು.

"ಇದೇನಿದು?"

"ಹದಿನೇಳು ತಪ್ಪಿದ್ವು. ತಿದ್ದಿದೆ."

"ಪ್ಲೇಯರ್ ಓಡಲಿಲ್ಲ ಅಂತ ಪುಸ್ತಕ ತಿದ್ದಿದ್ರಾ?" ಅವನ ಹೆಗಲು ಸದ್ದಿಲ್ಲದೆ ಕುಲುಕಿತು. "ಎಲ್ಲಾ ತಪ್ಪು ಹಿಡಿದಿದ್ದೀರಿ, ಆರನೇ ಪುಟದಲ್ಲಿ ಏನು ಬರೆದಿದ್ದಾರೆ ಅನ್ನೋದನ್ನ ಮಾತ್ರ ಓದಿಲ್ಲ."

ಪೆಟ್ಟಿಗೆಯನ್ನು ಮಗುವಿನಂತೆ ಮೆಲ್ಲಗೆ ಮಗುಚಿ ತೋರಿಸಿದ. ತಳದಲ್ಲೊಂದು ಕೆಂಪು ತಿರುಪು.

"ದಾರಿಯಲ್ಲಿ ಕುಲುಕಾಡಿ ಒಳಗಿನದು ಕೆಡಬಾರದು ಅಂತ ಬಿಗಿದು ಕಳಿಸಿರ್ತಾರೆ. ಮನೆಗೆ ಬಂದ ಮೇಲೆ ಬಿಚ್ಚಬೇಕು."

"ಬಿಚ್ಚದೇ ಹಾಗೇ ಬಿಟ್ರೆ?"

"ಏನೂ ಆಗಲ್ಲ. ಹೊಸದರ ಹಾಗೇ ಇರುತ್ತೆ, ಎಷ್ಟು ವರ್ಷ ಆದ್ರೂ. ಹಾಡಲ್ಲ, ಅಷ್ಟೇ."

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು.

ಅವನು ಪ್ಲೇಯರ್ ಜೊತೆ ಬಂದಿದ್ದ ಎರಡು ಸ್ಪೀಕರ್‌ಗಳನ್ನೂ ಕೂಡಿಸಿದ. ಬೇಡವೇ ಬೇಡ ಎಂದು ಅವಳು ಕೈಯಾಡಿಸಿದಳು.

"ಹೆದರಬೇಡಿ. ಹೆಡ್‌ಫೋನಿನ ಪಿನ್ನು ಚುಚ್ಚಿದ್ರೆ ಇವು ಬಾಯಿ ಮುಚ್ಚಿಕೊಳ್ತವೆ. ಆದ್ರೆ ಪೂರ್ತಿ ಕೂರಿಸದೇ ಹೋದ್ರೆ ನನ್ನ ಮನಸ್ಸಿಗೆ ಸಮಾಧಾನ ಇಲ್ಲ."

ಹೆಡ್‌ಫೋನನ್ನು ಅವಳ ಕೈಗಿತ್ತು ಗುಂಡಿ ಒತ್ತಿದ.

ಒಂದು ವಯಲಿನ್... ಎಲ್ಲೋ ದೂರದಿಂದ ನಡೆದು ಬಂದು ಅವಳ ತಲೆಯೊಳಗೇ ಕೂತಿತು. ಅವಳ ಕಣ್ಣು ತುಂಬಿಬಂತು.

ಅವನು ಚೀಲದಿಂದ ಕವಲಾದ ಒಂದು ತಂತಿ ತೆಗೆದು, ತನ್ನದೊಂದು ಹಳೆಯ ಹೆಡ್‌ಫೋನನ್ನೂ ಅದೇ ಪೆಟ್ಟಿಗೆಗೆ ಸಿಕ್ಕಿಸಿದ. "ಎರಡು ಕಡೆಯೂ ಸರಿಯಾಗಿ ಬರ್ತಿದೆಯಾ ನೋಡ್ಬೇಕಲ್ಲ" ಎಂದ. ಅದು ನೆಪ ಎಂದು ಇಬ್ಬರಿಗೂ ಗೊತ್ತಿತ್ತು.

ನೆಲದ ಮೇಲೆ ಎದುರುಬದುರು ಕೂತು, ಒಂದೂ ಮಾತಿಲ್ಲದೆ, ಆ ಹಾಡು ಮುಗಿಯುವವರೆಗೂ ಕೇಳಿದರು. ಹೊರಗಿನಿಂದ ನೋಡಿದವರಿಗೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ.

ಅವಳೊಳಗೆ ಮಾತ್ರ... ಅಬ್ಬಾ!

ಮುಂದಿನ ವಾರ "ಲೆನ್ಸ್ ಮೇಲೆ ಧೂಳು ಕೂತಿರಬಹುದು" ಎಂದು ಬಂದ. ಅದರ ಮುಂದಿನ ವಾರ "ಇದೊಂದು ಕೇಳಿ, ನಿಮಗೆ ಹಿಡಿಸುತ್ತೆ" ಎಂದು ಒಂದು ಸಿ.ಡಿ. ತಂದ. ಪ್ರತಿ ಸಲವೂ ಅವಳು ಎರಡು ಲೋಟ ಟೀ ಮಾಡಿದಳು, ಚಮಚ ತಾಗಿಸದೆ ಸಕ್ಕರೆ ಕರಗಿಸಿದಳು. ಪಿಸುಮಾತಿನಲ್ಲೇ ಅವನ ಬದುಕು ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಅಂಗಡಿ ಅವನ ಅಕ್ಕನದು. ಸಣಕಲ ಎಂದು ಅಕ್ಕ ಅವನನ್ನು ಕರೆಯುವುದೇ 'ತಂತಿ' ಎಂದು. ಹುಡುಗಿ ನೋಡಿದ್ದು ಮೂರು ಸಲ, ಮೂವರೂ ಒಲ್ಲೆ ಎಂದರು.

"ಯಾಕೆ?"

"ನಾನು ಜಾಸ್ತಿ ಮಾತಾಡ್ತೀನಂತೆ."

"ನೀವಾ?"

"ನಿಮ್ಮ ಮನೆಗೆ ನಾಲಿಗೆ ಹೊರಗೆ ಬಿಟ್ಟು ಬಂದಿರ್ತೀನಿ."

ಪಿಸುಮಾತಿಗೆ ಒಂದು ತೊಂದರೆಯಿದೆ. ಅದರಲ್ಲಿ ಚಿಕ್ಕ ಮಾತುಗಳನ್ನು ಆಡಬಹುದು, ದೊಡ್ಡ ಪ್ರಶ್ನೆ ಕೇಳಲಾಗದು. ಒಳಗೆ ಮಲಗಿರುವವರು ಯಾರು ಎಂದು ಅವನು ಕೇಳಲಿಲ್ಲ. ಕಾಯಿಲೆಯ ತಂದೆ ಇರಬೇಕು ಎಂದುಕೊಂಡಿದ್ದ. ಅವಳೂ ಹೇಳಲಿಲ್ಲ. ಹೇಳಲು ಶುರುಮಾಡಿದರೆ ಬೆರಳ ಕಥೆಯವರೆಗೂ ಹೋಗಬೇಕಿತ್ತು.

ನಾಲ್ಕನೇ ಸಲ ಬಂದಾಗ ಅವಳು ಅಣ್ಣನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಒಳಕೋಣೆಯ ಬಾಗಿಲು ಗಾಳಿಗೆ ಗೇಣಗಲ ಸರಿದಿತ್ತು. ಅವನ ಕಣ್ಣು ಅತ್ತ ಹೋಯಿತು.

ಮಂಚದ ಮೇಲೆ ಮಲಗಿದ್ದುದು ಮುದುಕನಲ್ಲ. ಇನ್ನೂ ಗಟ್ಟಿಮುಟ್ಟಾಗಿರುವ ಗಂಡಸು.

ಅವನು ಆ ಗಂಡಸನ್ನು ನೋಡಿದ, ಅವಳ ತೊಡೆಯ ಮೇಲಿದ್ದ ಅಂಗಿಯನ್ನು ನೋಡಿದ. ಚೀಲ ಹೆಗಲಿಗೇರಿಸಿದ.

"ಇನ್ನು ಏನೂ ರಿಪೇರಿ ಇರಲ್ಲ... ಚೆನ್ನಾಗಿ ಓಡುತ್ತೆ. ಕ್ಷಮಿಸಿ."

"ಟೀ..."

ಅವನು ಆಗಲೇ ಮೆಟ್ಟಿಲಿಳಿದಿದ್ದ. ಕೂಗಿದ್ದರೆ ನಿಲ್ಲುತ್ತಿದ್ದನೇನೋ. ಆದರೆ ಈ ಮನೆಯಲ್ಲಿ ಕೂಗುವುದು ಹೇಗೆ?

'ಅಣ್ಣನ ಭಾರ ಕಣ್ಣಾರೆ ಕಂಡ, ಹೆದರಿದ. ಇಂಥವಳ ಸಹವಾಸ ಯಾರಿಗೆ ಬೇಕು?' ಎಂದುಕೊಂಡಳು ಅವಳು.

ಒಂದು ವಾರ... ಎರಡು ವಾರ... ಕಿಟಕಿಯ ಪಕ್ಕ ಕೂತವಳ ಕೈಯಲ್ಲಿ ತಿದ್ದಬೇಕಾದ ಹಾಳೆಗಳು ಹಾಗೇ ಉಳಿದವು. ಮನೆ ಮೊದಲಿಗಿಂತ ಕಿರಿದಾದಂತಿತ್ತು. ಮೊದಲು ಸದ್ದಿಲ್ಲದಿರುವುದು ಅಭ್ಯಾಸವಾಗಿತ್ತು, ಈಗ ಅದು ಎದೆಯ ಮೇಲೆ ಬಂದು ಕೂರುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ದಿಂಬುಗಳ ನಡುವಿನಿಂದ ಫೋನು ಹೊರತೆಗೆದು ಅಂಗಡಿಯ ನಂಬರು ಒತ್ತಿದಳು. ಎತ್ತಿಕೊಂಡವಳು ಅವನ ಅಕ್ಕ. ಗಂಟಲು ಕಹಳೆಯಂತಿತ್ತು.

"ಹಲೋ! ಯಾರು?"

"ನಾನು..." ಎಂದು ಪಿಸುಗುಟ್ಟಿದಳು. "ಅವರಿದ್ದಾರಾ..."

"ಹಲೋ? ಏನು? ಕೇಳಿಸ್ತಿಲ್ಲ! ಯಾರ್ರೀ?"

"ನಿಮ್ಮ ತಮ್ಮ..."

"ಥೂ! ಬೆಳಬೆಳಿಗ್ಗೆ ಫೋನ್ ಮಾಡಿ ಬುಸುಬುಸು ಉಸಿರು ಬಿಡ್ತೀಯೇನೋ ಪೋಲಿ! ಮನೇಲಿ ಅಕ್ಕತಂಗಿಯರಿಲ್ವಾ? ಇನ್ನೊಂದ್ಸಲ ಮಾಡಿದ್ರೆ ಪೊಲೀಸಿಗೆ ಕೊಡ್ತೀನಿ!"

ಅಕ್ಕ ಟಪ್ ಎಂದು ಇಟ್ಟಳು.

ಅವಳು ಫೋನನ್ನು ಎದೆಗವಚಿ ಕೂತಳು. ನಗಬೇಕೋ ಅಳಬೇಕೋ... ಯಾವುದನ್ನು ಮಾಡಿದರೂ ಸದ್ದಾಗುತ್ತಿತ್ತು.

ಆ ಮಧ್ಯಾಹ್ನ ಅವನು ಕೊನೆಗೆ ತಂದಿದ್ದ ಸಿ.ಡಿ. ಹಾಕಿದಳು. ಹೆಡ್‌ಫೋನ್ ಕಿವಿಗೇರಿಸಿ, ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. ತಲೆಯೊಳಗಿನ ಮಾತೆಲ್ಲ ಮುಳುಗಿಹೋಗಲಿ! ಆಗ ಕಿಟಕಿಯಾಚೆ, ಬೀದಿಯ ತಿರುವಿನಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡ ತೆಳ್ಳಗಿನವನೊಬ್ಬ ಕಂಡ. ದಡಕ್ಕನೆ ಎದ್ದಳು.

ತಂತಿ ಜಗ್ಗಿತು. ಪಿನ್ನು ಕಿತ್ತು ಬಂತು.

ಎರಡು ಸ್ಪೀಕರ್‌ಗಳೂ ಒಟ್ಟಿಗೆ ಬಾಯಿ ಬಿಟ್ಟವು!

ಡ್ರಮ್ಮು, ಕಹಳೆ, ನೂರು ಜನರ ಕೊರಳು... ಕಿಟಕಿಯ ಗಾಜು ನಡುಗಿತು. ಕಪಾಟಿನ ಲೋಟಗಳು ಕಿಣಿಗುಟ್ಟಿದವು. ಹನ್ನೊಂದು ವರ್ಷ ಬಾರದ ಸದ್ದೆಲ್ಲ ಸಾಲುಗಟ್ಟಿ ಬಂದಂತಿತ್ತು. ಗುಂಡಿ ಯಾವುದು, ಎಲ್ಲಿದೆ, ಅವಳಿಗೆ ಒಂದೂ ತೋಚಲಿಲ್ಲ. ಒಳಕೋಣೆಯ ಬಾಗಿಲನ್ನೇ ನೋಡುತ್ತ ನಿಂತಳು.

'ಈಗ ಎದ್ದು ಬರ್ತಾನೆ... ಈಗ...'

ಬಾಗಿಲು ತೆರೆಯಲಿಲ್ಲ.

ಬೀದಿಯಲ್ಲಿದ್ದವನು ಯಾರೋ ಬೇರೆಯವನು. ಅವನೂ ತಲೆಯೆತ್ತಿ ನೋಡಿ ಹೋದ. ಅವಳು ಮೆಲ್ಲಗೆ ಹೋಗಿ ಕೋಣೆಯ ಬಾಗಿಲು ತಳ್ಳಿದಳು. ಅಣ್ಣ ಗೋಡೆಯ ಕಡೆ ತಿರುಗಿ ಹಾಯಾಗಿ ನಿದ್ರಿಸುತ್ತಿದ್ದ. ಹಾಡು ಅವನ ಮೈಮೇಲೆಲ್ಲ ಬಡಿಯುತ್ತಿತ್ತು. ಅವನ ಉಸಿರು ಒಂದಿಷ್ಟೂ ತಪ್ಪಲಿಲ್ಲ.

"ಅಣ್ಣ..."

"ಅಣ್ಣಾ!"

ಅದು ತನ್ನದೇ ಗಂಟಲೇ? ತುಕ್ಕು ಹಿಡಿದ ಬಾಗಿಲಿನಂತಿತ್ತು.

ಒಂದೊಂದಾಗಿ ನೆನಪಾಯಿತು. 'ಎದುರಿಗೆ ಬಂದು ಮಾತಾಡೇ' ಎನ್ನುವುದು. 'ಕೂಗಬೇಡ, ಕಾಲು ಮುಟ್ಟಿ ಎಬ್ಬಿಸು' ಎನ್ನುವುದು. ಫೋನೆಂದರೆ ಆಗದು ಎನ್ನುವುದು. ಬೆನ್ನ ಹಿಂದಿನಿಂದ ಕೇಳಿದ್ದಕ್ಕೆ ಉತ್ತರವೇ ಬಾರದ ಎಷ್ಟೋ ಸಂಜೆಗಳು. ಆಯಾಸ ಎಂದುಕೊಂಡಿದ್ದಳಲ್ಲ!

ಅವಳು ಅವನ ಕಾಲು ಮುಟ್ಟಿದಳು.

ಅವನು ಎದ್ದು ಕೂತ. ತಂಗಿಯ ಮುಖ ನೋಡಿದ. "ಏನಾಯ್ತೇ? ಯಾಕಳ್ತಿದ್ದೀಯ?"

"ಯಾವಾಗಿಂದ ಅಣ್ಣ? ಯಾವಾಗಿಂದ ಕಿವಿ ಕೇಳಲ್ಲ ನಿಂಗೆ?"

ಅವನು ಸಿಕ್ಕಿಬಿದ್ದ ಹುಡುಗನಂತೆ ತಲೆ ಕೆರೆದುಕೊಂಡ.

"ಆರು ವರ್ಷ ಆಯ್ತು. ಬಾಟಲಿಗಳ ಸದ್ದು ತಿಂದುಹಾಕ್ತು. ತುಟಿ ನೋಡಿ ತಿಳ್ಕೋತೀನಿ. ಕಾರ್ಖಾನೆಗೆ ಗೊತ್ತಾದ್ರೆ ಯಂತ್ರದ ಹತ್ತಿರ ಬಿಡಲ್ಲ."

"ನಂಗೂ ಹೇಳಲಿಲ್ವಲ್ಲ!"

"ಹೇಳಿದ್ರೆ ನೀನು ನನ್ನ ಬಿಟ್ಟು ಎಲ್ಲಿಗೂ ಹೋಗ್ತಿರ್ಲಿಲ್ಲ."

"ಹೇಳದೇ ಇದ್ದಿದ್ದಕ್ಕೆ ಎಲ್ಲಿಗೆ ಹೋದೆ ಅಣ್ಣ ನಾನು? ಇಲ್ಲೇ ಇದ್ದೀನಲ್ಲ! ನೀನು ಮಲಗಿದ್ದೀಯ ಅಂತ ಹನ್ನೊಂದು ವರ್ಷ ಪಿಸುಗುಟ್ಟಿದ್ದೀನಿ..."

"ಪಿಸುಗುಟ್ತಿದ್ಯಾ?" ಅವನು ದಿಗ್ಭ್ರಮೆಯಿಂದ ನೋಡಿದ. "ನಂಗೆ ಹೇಗೆ ಗೊತ್ತಾಗಬೇಕು? ವಯಸ್ಸಾಯ್ತು, ಗಂಭೀರ ಆಗಿದ್ದಾಳೆ ಅಂದ್ಕೊಂಡೆ. ಚಿಕ್ಕವಳಿದ್ದಾಗ ನಿನ್ನ ಗಂಟೆ ಅಂತಿದ್ದೆ. ನೆನಪಿದೆಯಾ?"

"ನಿನ್ನ ಬೆರಳು ಹೋಗಿದ್ದು ನನ್ನಿಂದ..."

"ಏನು?"

"ಆವತ್ತು ನಾವು ನಕ್ಕಿದ್ದಕ್ಕೆ ನಿಂಗೆ ನಿದ್ದೆ ಇರಲಿಲ್ಲ. ಅದಕ್ಕೇ..."

"ಹುಚ್ಚಿ! ಯಂತ್ರದ ಮುಚ್ಚಳ ಸಡಿಲ ಇತ್ತು. ಮೂರು ಸಲ ಹೇಳಿದ್ದೆ, ಯಾರೂ ಬಿಗಿ ಮಾಡಿರ್ಲಿಲ್ಲ. ಆವತ್ತು ನಿಮ್ಮ ನಗು ಕೇಳ್ತಾ ಕೇಳ್ತಾನೇ ನಿದ್ದೆ ಹೋಗಿದ್ದೆ ನಾನು. ಸುಖವಾದ ನಿದ್ದೆ. ಒಂದು ಮಾತು ಕೇಳಬಾರದಿತ್ತೇನೇ?"

ಅವಳು ಕುಸಿದು ಕೂತಳು. ಮೊದಲು ಅಳು ಬಂತು. ಆಮೇಲೆ, ಅಳುವಿನ ಒಳಗಿಂದಲೇ, ನಗು. ಅಣ್ಣನೂ ನಕ್ಕ, ಕಣ್ಣೊರೆಸಿಕೊಂಡ. ಎದ್ದು ಹೋಗಿ, ಮೊಂಡು ಬೆರಳುಗಳ ಆ ಅಂಗೈಯನ್ನು ಸ್ಪೀಕರ್ ಮೇಲಿಟ್ಟ.

"ಬಡೀತಿದೆ ಕಣೇ... ಎದೆ ಬಡಿದ ಹಾಗೆ." ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಕೇಳಿದ. "ಇದನ್ನ ಕೂರಿಸಿದವನು ಈಗ್ಯಾಕೆ ಬರಲ್ಲ?"

ಅವಳು ಬೆಚ್ಚಿದಳು.

"ಕಿವಿ ಹೋಗಿರಬಹುದು, ಕಣ್ಣಿದೆ. ಕೆಲವು ವಾರ ತೊಳೆಯೋ ಜಾಗದಲ್ಲಿ ಎರಡು ಲೋಟ ಇರ್ತಿತ್ತು. ಈಗ ಒಂದೇ ಇದೆ."

"ನಿನ್ನನ್ನ ಈ ಸ್ಥಿತಿಯಲ್ಲಿ ಬಿಟ್ಟು ನಾನು..."

"ನೋಡು, ಶುರುವಾಯ್ತು! ಇದಕ್ಕೇ ಹೇಳಿರ್ಲಿಲ್ಲ." ಅವನು ಅವಳ ಎರಡೂ ಹೆಗಲು ಹಿಡಿದ. "ನಾಳೆ ನಾನು ಹೋಗಿ ಕಿವಿ ಪರೀಕ್ಷೆ ಮಾಡಿಸ್ಕೋತೀನಿ. ಉಗ್ರಾಣದಲ್ಲಿ ಹಗಲು ಪಾಳಿ ಕೇಳ್ತೀನಿ. ನಾನೂ ಹೆದರಿ ಕೂತಿದ್ದು ಸಾಕು. ನೀನು ನನ್ನ ಕಾಯೋದು ಬಿಡು, ಗಂಟೆ. ಹೋಗಿ ಕೇಳು. ಕೇಳದೇ ಇದ್ರೆ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತಾಯ್ತಲ್ಲ!"

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ನಾಲ್ಕು ಟಿ.ವಿ.ಗಳು, ಎರಡು ರೇಡಿಯೋಗಳು ಒಟ್ಟಿಗೆ ಅರಚುತ್ತಿದ್ದವು. ಹಿಂದಿನ ಮೂಲೆಯಲ್ಲಿ ಅವನು ತಲೆ ತಗ್ಗಿಸಿ ಬೆಸುಗೆ ಹಾಕುತ್ತಿದ್ದ. ಎಷ್ಟು ಜೋರಾಗಿ ಮಾತಾಡಬೇಕು ಎಂಬ ಅಂದಾಜೇ ಅವಳಿಗಿರಲಿಲ್ಲ.

"ಯಾಕೆ ಬರಲಿಲ್ಲ ನೀವು?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಕ್ಕ ಒಂದು ರೇಡಿಯೋ ಆರಿಸಿದಳು. ಅವನೂ ತಲೆಯೆತ್ತಿದ. ಧ್ವನಿಯ ಗುರುತು ಹತ್ತಲಿಲ್ಲ, ಮುಖ ಕಂಡ ಮೇಲೆ ದಡಕ್ಕನೆ ಎದ್ದು ನಿಂತ.

"ನೀವು... ನಿಮ್ಮ ಧ್ವನಿ ಹೀಗಿದೆಯಾ?"

"ಹೇಗಿದ್ರೇನು? ಕೇಳಿದ್ದಕ್ಕೆ ಉತ್ತರ ಹೇಳಿ!"

ಅವನು ಅಕ್ಕಪಕ್ಕ ನೋಡಿ ಧ್ವನಿ ತಗ್ಗಿಸಿದ. "ಗಂಡ ಮಲಗಿರೋ ಮನೇಲಿ, ಅವರ ಹೆಂಡತಿ ಜೊತೆ ಕದ್ದು ಹಾಡು ಕೇಳೋಷ್ಟು ಕೆಟ್ಟವನಲ್ಲ ನಾನು..."

"ಗಂಡನಾ! ಅವನು ನಮ್ಮಣ್ಣ ರೀ! ಒಡಹುಟ್ಟಿದ ಅಣ್ಣ!"

ಅಕ್ಕ ಉಳಿದ ರೇಡಿಯೋವನ್ನೂ ಆರಿಸಿದಳು.

"ಅಯ್ಯೋ ತಂತಿ!" ಅಕ್ಕ ಹಣೆ ಚಚ್ಚಿಕೊಂಡಳು. "ಎರಡು ವಾರದಿಂದ ಊಟ ಸೇರದೆ ಕೂತಿದ್ದು ಇದಕ್ಕಾ? ಅಲ್ಲಮ್ಮ, ನೀನಾದ್ರೂ ಒಂದು ಫೋನ್ ಮಾಡಬಾರದಿತ್ತಾ?"

"ಮಾಡಿದ್ದೆ. ಪೊಲೀಸಿಗೆ ಕೊಡ್ತೀನಿ ಅಂದ್ರಿ."

"ಆ ಬುಸುಬುಸು..." ಎಂದ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. "ಹೋಗ್ರೋ ಇಬ್ರೂ ಆಚೆ! ವ್ಯಾಪಾರ ಕೆಡುತ್ತೆ!"

ಬೀದಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತ ಓಡಾಡುತ್ತಿದ್ದವು. ಇಬ್ಬರೂ ಅಂಗಡಿಯ ಗೋಡೆಗೆ ಒರಗಿ ನಿಂತರು. ಅವಳು ಎಲ್ಲವನ್ನೂ ಹೇಳಿದಳು. ಬೆರಳು, ಅಣ್ಣನ ಕಿವಿ, ದಿಂಬುಗಳ ನಡುವಿನ ಫೋನು. ನಡುನಡುವೆ ಧ್ವನಿ ಒಡೆಯಿತು. ನಿಲ್ಲಿಸಲಿಲ್ಲ.

"ಅಣ್ಣನಿಂದ ದೂರ ಹೋಗೋಕೆ ನನ್ನಿಂದಾಗಲ್ಲ" ಎಂದಳು ಕೊನೆಗೆ. "ಅವನು ಹೋಗು ಅಂದ್ರೂ ಆಗಲ್ಲ. ಅದನ್ನ ಮೊದಲೇ ಹೇಳ್ಬೇಕು."

"ದೂರ ಯಾಕೆ? ಎರಡು ಬೀದಿ ಆಚೆ ನನ್ನ ಮನೆ. ಅವರು ನಮ್ಮ ಮನೆಗೆ ಬರ್ಲಿ, ಊಟಕ್ಕೆ. ಎದುರಿಗೇ ಕೂತು ಮಾತಾಡ್ತೀನಿ. ನನ್ನ ಮಾತು ಜಾಸ್ತಿ ಆಯ್ತು ಅಂದ್ರೆ ಕಣ್ಣು ಮುಚ್ಕೊಂಡ್ರೆ ಸಾಕು ಅವರು."

ಅವಳು ಜೋರಾಗಿ ನಕ್ಕುಬಿಟ್ಟಳು. ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿ ತಾನೂ ನಕ್ಕಳು.

ಅವನು ಮಾತ್ರ ನಗಲಿಲ್ಲ. ಆ ನಗುವನ್ನೇ ನೋಡುತ್ತಿದ್ದ.

"ನಿಮ್ಮನ್ನ ಪ್ರೀತಿಸ್ತೀನಿ" ಎಂದ. "ಮೊದಲ ದಿನ ಕೈ ಹಿಡಿದ್ರಲ್ಲ, ಆಗಿಂದ."

ಅವಳ ಮುಖ ಕೆಂಪಾಯಿತು. ಆದರೂ ಬಿಡಲಿಲ್ಲ.

"ಹಾಗಾದ್ರೆ ಎರಡು ವಾರ ಬಿಟ್ಟು ಹೋಗಿದ್ದಕ್ಕೆ ಮೊದಲು ಜಗಳ ಆಡ್ಬೇಕು ನಾನು. ಇಷ್ಟು ವರ್ಷ ಯಾರ ಜೊತೆಗೂ ಜಗಳವೇ ಆಡಿಲ್ಲ. ಪಿಸುಮಾತಲ್ಲಿ ಅದು ಆಗಲ್ಲ."

"ಆಡಿ. ಎಷ್ಟು ಹೊತ್ತು ಬೇಕು?"

"ತುಂಬಾ ಇದೆ."

"ಮುದುಕರಾಗೋ ತನಕ ಆದ್ರೆ ಸಾಕಾಗುತ್ತಾ?"

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ನೋಡೋಣ!"